ದೊಡ್ಡ ಆಟಗಳು ನಮ್ಮ ಸಮಯಕ್ಕೆ ಬೆಲೆ ಕೊಡುತ್ತಿವೆಯೇ? ಬಹುಕಾಲ ಆಡಿದವನ ನೇರ ಅಭಿಪ್ರಾಯಗಳು

ಹತ್ತೂಮುಕ್ಕಾಲರ ಆಟಗಾರ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ನನಗೀಗ ನಲವತ್ತೊಂದು ವರ್ಷ. ಮನೆ ಬಸವನಗುಡಿಯಲ್ಲಿ, ಕೆಲಸ ಹೊರವರ್ತುಲ ರಸ್ತೆಯಲ್ಲಿ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟೂವರೆಯಾಗಿರುತ್ತದೆ. ಊಟ ಮುಗಿದು, ಮಗಳ ಹೋಂವರ್ಕ್ ನೋಡಿ, ಅವಳು ಮಲಗಿದ ಮೇಲೆ ಆಟಕ್ಕೆಂದು ನನಗೆ ದಕ್ಕುವುದು ಹತ್ತೂಮುಕ್ಕಾಲರಿಂದ ಹನ್ನೆರಡರವರೆಗಿನ ಒಂದೂಕಾಲು ಗಂಟೆ. ಅದೂ ವಾರಕ್ಕೆ ನಾಲ್ಕು ದಿನ. ಈ ಲೆಕ್ಕವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಒಂದು ಆಟ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾನೀಗ ಅಳೆಯುವುದು ಈ ಒಂದೂಕಾಲು ಗಂಟೆಯಿಂದಲೇ.

ಅಸ್ಯಾಸಿನ್ಸ್ ಕ್ರೀಡ್ ಸರಣಿಯನ್ನು 2007ರ ಮೊದಲ ಆಟದಿಂದಲೂ ಆಡಿದ್ದೇನೆ. 2009ರ ಎರಡನೆಯ ಭಾಗದಲ್ಲಿ ಫ್ಲಾರೆನ್ಸ್ ನಗರದ ಮಾಳಿಗೆಗಳ ಮೇಲೆ ಓಡಿದ ಸುಖ ಇನ್ನೂ ಮನಸ್ಸಿನಲ್ಲಿದೆ. ಅದೇ ಸರಣಿಯಲ್ಲಿ 2020ರಲ್ಲಿ ಬಂದ ವಲ್ಹಾಲಾವನ್ನು ಮೂವತ್ತೆಂಟು ಗಂಟೆ ಆಡಿ ಬಿಟ್ಟುಬಿಟ್ಟೆ. ಮುಖ್ಯ ಕಥೆಯೊಂದಕ್ಕೇ ಸುಮಾರು ಅರವತ್ತು ಗಂಟೆ ಬೇಡುವ ಆಟ ಅದು. ನಕ್ಷೆ ತೆರೆದರೆ ಸಂಪತ್ತಿಗೆ ಚಿನ್ನದ ಚುಕ್ಕೆ, ರಹಸ್ಯಕ್ಕೆ ನೀಲಿ ಚುಕ್ಕೆ, ಪುರಾತನ ವಸ್ತುವಿಗೆ ಬಿಳಿ ಚುಕ್ಕೆ. ಅವುಗಳನ್ನು ಒಂದೊಂದಾಗಿ ಅಳಿಸುತ್ತಾ ಹೋಗುವಾಗ, ಹಗಲೆಲ್ಲ ಕಚೇರಿಯಲ್ಲಿ ದೂರಿನ ಟಿಕೆಟ್‌ಗಳನ್ನು ಮುಚ್ಚುವ ಕೆಲಸವನ್ನೇ ರಾತ್ರಿಯೂ ಮಾಡುತ್ತಿದ್ದೇನೆ ಅನ್ನಿಸಿತು.

2015ರ ವಿಚರ್ 3ರ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ಬ್ಲಡಿ ಬ್ಯಾರನ್ ಎಂಬ ಕುಡುಕ ಅಧಿಕಾರಿಯ ಸಂಸಾರದ ಕಥೆಯಷ್ಟು ಚೆನ್ನಾಗಿ ಬರೆದ ಕಥೆಯನ್ನು ನಾನು ಬೇರಾವ ಆಟದಲ್ಲೂ ಕಂಡಿಲ್ಲ. ಅದೇ ಆಟದ ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ದೋಣಿ ಹೊಡೆದುಕೊಂಡು ಹೋದರೆ ಸಿಗುವುದು ಕಳ್ಳಸಾಗಣೆಯವರು ಮುಳುಗಿಸಿಟ್ಟ ಪೆಟ್ಟಿಗೆಗಳು. ಎರಡನ್ನೂ ಒಂದೇ ತಂಡ ಮಾಡಿತೆಂದರೆ ನಂಬುವುದು ಕಷ್ಟ.

ಅಮೆರಿಕದ ಕೌಬಾಯ್ ಕಾಲದ ಕಥೆಯಿರುವ ರೆಡ್ ಡೆಡ್ ರಿಡೆಂಪ್ಷನ್ 2 ನೋಡಲು ಬಹಳ ಸುಂದರವಾದ ಆಟ. ಆದರೆ ಒಂದು ಕಪಾಟಿನ ಖಾನೆ ಎಳೆದು, ಡಬ್ಬಿ ಎತ್ತಿ, ಚೀಲಕ್ಕೆ ಹಾಕಿಕೊಳ್ಳುವುದನ್ನು ಪ್ರತಿ ಬಾರಿಯೂ ಪೂರ್ತಿಯಾಗಿ ನೋಡಲೇಬೇಕು. ಎರಡನೆಯ ಅಧ್ಯಾಯದ ನಡುವೆ ಕೈಬಿಟ್ಟೆ. ಇನ್ನು ಎಲ್ಡನ್ ರಿಂಗ್ ಕಷ್ಟ ಎಂಬುದು ನನ್ನ ದೂರಲ್ಲ. ಆಟವನ್ನು ನಡುವೆ ನಿಲ್ಲಿಸಲು ಒಂದು ಗುಂಡಿಯೂ ಇಲ್ಲ ಎಂಬುದೇ ನನ್ನ ದೂರು. ಮಗಳು ಎದ್ದು ನೀರು ಕೇಳಿದರೆ ನಾನು ಸತ್ತೆ.

ಇದಕ್ಕೆ ಪ್ರತಿಯಾಗಿ 2020ರ ಹೇಡೀಸ್ ನೋಡಿ. ಒಂದು ಸುತ್ತು ಮುಗಿಯಲು ಸುಮಾರು ಅರ್ಧ ಗಂಟೆ. ಸತ್ತರೂ ಕಥೆ ಮುಂದೆ ಸಾಗುತ್ತದೆ. ಬೇಕಾದವರು ಗಾಡ್ ಮೋಡ್ ಹಾಕಿಕೊಂಡರೆ ಮೊದಲು ಶೇ. 20ರಷ್ಟು ಪೆಟ್ಟು ಕಡಿಮೆಯಾಗಿ, ಸತ್ತಾಗಲೆಲ್ಲ ಇನ್ನೂ ಶೇ. 2ರಷ್ಟು ತಗ್ಗುತ್ತಾ ಹೋಗುತ್ತದೆ. ಆಡುವವನ ಪರಿಸ್ಥಿತಿಯನ್ನು ಯೋಚಿಸಿ ಮಾಡಿದ ಕೆಲಸವೆಂದರೆ ಇದು.

ನೀವು ಅರ್ಧಕ್ಕೆ ಬಿಟ್ಟ ದೊಡ್ಡ ಆಟ ಯಾವುದು, ಬಿಟ್ಟದ್ದು ಏಕೆ? ನಾನು ತಪ್ಪು ತಿಳಿದಿದ್ದರೆ ತಿದ್ದಿ.

---

ಡಸ್ಟ್ ಟು ಕಾವಲುಗಾರ (ಮಲ್ಲೇಶ್ವರ)

ವಲ್ಹಾಲಾ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ ಸರ್. ರೆಡ್ ಡೆಡ್ ವಿಷಯದಲ್ಲಿ ಖಂಡಿತ ಒಪ್ಪುವುದಿಲ್ಲ. ಎರಡನೆಯ ಅಧ್ಯಾಯದಲ್ಲೇ ಬಿಟ್ಟವರಿಗೆ ಆ ಆಟದ ಮೇಲೆ ತೀರ್ಪು ಕೊಡುವ ಹಕ್ಕು ಇದೆಯೇ ಎಂದು ಗೌರವದಿಂದಲೇ ಕೇಳುತ್ತೇನೆ.

---

ಹತ್ತೂಮುಕ್ಕಾಲರ ಆಟಗಾರ

ಹಕ್ಕು ಇದೆ ಎಂದೇ ನನ್ನ ನಂಬಿಕೆ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ ಆಟವನ್ನು ಹಣ ವಾಪಸು ಪಡೆದು ಹಿಂದಿರುಗಿಸಬೇಕಾದರೆ ಕೊಂಡು 14 ದಿನದೊಳಗೆ ಇರಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ರೆಡ್ ಡೆಡ್‌ನ ಮೊದಲ ಅಧ್ಯಾಯದ ಹಿಮದಲ್ಲಿ ಕುದುರೆ ನಡೆಸುವುದಕ್ಕೇ ಎರಡು ಗಂಟೆ ಹಿಡಿಯುತ್ತದೆ. ಆಟ ನಿಜವಾಗಿ ಶುರುವಾಗುವ ಮೊದಲೇ ಹಿಂದಿರುಗಿಸುವ ಅವಧಿ ಮುಗಿದುಹೋಗುತ್ತದೆ. ಎಷ್ಟು ಗಂಟೆ ಆಡಿದ ಮೇಲೆ ಮಾತನಾಡಬಹುದು ಎಂದು ನೀವೇ ಹೇಳಿ.

---

ಹಳೇ ಕ್ಯಾಸೆಟ್ (ರಾಜಾಜಿನಗರ)

ಹಿಂದಿನ ಆಟಗಳು ಸಮಯಕ್ಕೆ ಬೆಲೆ ಕೊಡುತ್ತಿದ್ದವು, ಈಗಿನವು ಕೊಡುವುದಿಲ್ಲ ಎಂಬ ದಿಕ್ಕಿಗೆ ಈ ಚರ್ಚೆ ಹೊರಳುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಐವತ್ತರ ಹತ್ತಿರ. ನಮ್ಮ ಕಾಲದ ಟಿವಿ ಗೇಮ್‌ನಲ್ಲಿ ಹಳದಿ ಕ್ಯಾಸೆಟ್ ಹಾಕಿ ಕಾಂಟ್ರಾ ಆಡುತ್ತಿದ್ದೆವು. ಸೇವ್ ಮಾಡುವ ವ್ಯವಸ್ಥೆಯೇ ಇರಲಿಲ್ಲ. ಆರನೆಯ ಹಂತಕ್ಕೆ ಬಂದಾಗ ಕರೆಂಟ್ ಹೋದರೆ ಮತ್ತೆ ಕಾಡಿನಿಂದ ಶುರು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿ ಮೂವತ್ತು ಜೀವ ಪಡೆಯುವ ಗುಟ್ಟು ಗೊತ್ತಿದ್ದ ಹುಡುಗ ನಮ್ಮ ಬೀದಿಗೇ ನಾಯಕನಾಗಿದ್ದ.

1985ರ ಸೂಪರ್ ಮಾರಿಯೋ ಬ್ರದರ್ಸ್ ಇಡಿಯಾಗಿ 40 ಕಿಲೋಬೈಟ್. ಪಿಸಿಯಲ್ಲಿ ರೆಡ್ ಡೆಡ್ 2 ಬೇಡುವ ಜಾಗ 150 ಜಿಬಿ. ಆ 40 ಕಿಲೋಬೈಟ್‌ನಲ್ಲಿ ತಿಂಗಳುಗಟ್ಟಲೆ ಆಡಿಸಬೇಕಾದರೆ ಅವರಿಗಿದ್ದ ದಾರಿ ಒಂದೇ: ನಮ್ಮನ್ನು ಕೊಲ್ಲುವುದು, ಮೊದಲಿನಿಂದ ಆಡಿಸುವುದು. ಈಗಿನವರು ಚುಕ್ಕೆ ಹಾಕಿ ಸಮಯ ತಿನ್ನುತ್ತಾರೆ, ಆಗಿನವರು ಸಾವು ಕೊಟ್ಟು ತಿನ್ನುತ್ತಿದ್ದರು. ಆದರೂ ವ್ಯತ್ಯಾಸವೊಂದಿದೆ. ಮಾರಿಯೋದಲ್ಲಿ ನೂರನೆಯ ಸಲ ಹಾರುವಾಗ ನನ್ನ ಕೈ ಪಳಗಿರುತ್ತಿತ್ತು. ನೂರನೆಯ ಚುಕ್ಕೆ ಅಳಿಸಿದಾಗ ಪಳಗುವುದು ಏನು? ಈ ಪ್ರಶ್ನೆಯನ್ನು ಬಸವನಗುಡಿಯವರ ಪ್ರಶ್ನೆಗಿಂತ ಮುಂದಿಡಬೇಕು ಎಂದು ನನಗೆ ಅನ್ನಿಸುತ್ತದೆ.

---

ಡಸ್ಟ್ ಟು ಕಾವಲುಗಾರ

ಪ್ರಾಜೆಕ್ಟ್ ಐಜಿಐ ನೆನಪಿಸಿದಿರಿ ಸರ್. 2000ದ ಆಟ, ಒಟ್ಟು 14 ಕಾರ್ಯಾಚರಣೆ, ಒಂದರ ನಡುವೆಯೂ ಸೇವ್ ಇಲ್ಲ. ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಮಲ್ಲೇಶ್ವರದ ಸೈಬರ್ ಸೆಂಟರ್‌ನಲ್ಲಿ ಆಡುತ್ತಿದ್ದೆವು. ಒಂದು ಶಿಬಿರ ಪೂರ್ತಿ ಖಾಲಿ ಮಾಡಿ ಬಾಗಿಲ ಬಳಿ ಬಂದಾಗ ಮಾಲೀಕರು ‘ಟೈಮ್ ಆಯ್ತು’ ಎಂದು ಪರದೆಯನ್ನೇ ಲಾಕ್ ಮಾಡುತ್ತಿದ್ದರು. ಆ ಹಣದ ನೋವು ಇವತ್ತಿಗೂ ಇದೆ, ಆದರೆ ಆ ಶಿಬಿರದ ನಕ್ಷೆ ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ವಲ್ಹಾಲಾದ ಒಂದು ಹಳ್ಳಿಯೂ ಹಾಗೆ ನೆನಪಿಲ್ಲ.

---

ಅಮ್ಮನೂ ಆಡುತ್ತಾಳೆ (ಬನಶಂಕರಿ)

ಎಲ್ಡನ್ ರಿಂಗ್ ಬಗ್ಗೆ ಒಂದು ತಿದ್ದುಪಡಿ. ಅದರಲ್ಲಿ ನಿಲ್ಲಿಸುವ ಗುಂಡಿ ಇಲ್ಲವೆಂಬುದು ನಿಜ, ಆದರೆ ದಾರಿ ಇದೆ. ಮೆನು ತೆರೆದು, ಸಹಾಯದ ಗುಂಡಿ ಒತ್ತಿ, ‘ಮೆನು ಎಕ್ಸ್‌ಪ್ಲನೇಷನ್’ ಎಂಬುದನ್ನು ಆರಿಸಿದರೆ ಪರದೆಯಲ್ಲಿ ವಿವರಣೆಯ ಚೌಕವೊಂದು ಬರುತ್ತದೆ. ಅದು ಇರುವಷ್ಟು ಹೊತ್ತು ಆಟ ನಿಂತಿರುತ್ತದೆ. ನಾನು ಒಬ್ಬಳೇ ಆಡುವಾಗ ಕುಕ್ಕರ್ ಮೂರನೆಯ ಸೀಟಿ ಹೊಡೆಯುವಷ್ಟರಲ್ಲಿ ಇಷ್ಟನ್ನೂ ಒತ್ತುವುದು ಅಭ್ಯಾಸವಾಗಿದೆ.

ಅದೇ ಸಂಸ್ಥೆ 2019ರಲ್ಲಿ ಮಾಡಿದ ಸೆಕಿರೋದಲ್ಲಿ ನೆಟ್ಟಗೆ ನಿಲ್ಲಿಸಬಹುದಾಗಿತ್ತು. ಆದ್ದರಿಂದ ಅವರಿಗೆ ಗೊತ್ತಿಲ್ಲದೆ ಆದದ್ದಲ್ಲ. ಬೇರೆ ಆಟಗಾರರು ನಮ್ಮ ಲೋಕದೊಳಗೆ ಬರುವ ವ್ಯವಸ್ಥೆ ಇರುವುದರಿಂದ ಹೀಗೆ ಮಾಡಿದ್ದಾರೆ ಎಂಬ ಸಮಾಧಾನ ಕೊಡುವವರಿದ್ದಾರೆ; ಅಂತರ್ಜಾಲ ಸಂಪರ್ಕ ತೆಗೆದು ಆಡುವವರಿಗೂ ನಿಲ್ಲಿಸುವ ಸೌಲಭ್ಯ ಕೊಡದಿರುವುದಕ್ಕೆ ಆ ಸಮಾಧಾನ ಸಾಲುವುದಿಲ್ಲ. ಆಟ ಎಷ್ಟೇ ಕಠಿಣವಾಗಿರಲಿ, ಮನೆಯಲ್ಲಿ ಮಗು, ಅತ್ತೆ, ಒಲೆ ಇರುವ ಹೆಂಗಸೂ ಆಡುತ್ತಾಳೆ ಎಂಬುದು ಮಾಡುವವರ ಲೆಕ್ಕದಲ್ಲಿ ಇರಬೇಕು.

ಇಷ್ಟು ಹೇಳಿದರೂ, ನನಗೆ ಅತ್ಯಂತ ಪ್ರಿಯವಾದ ಆಟ ಅದೇ. ಸದ್ಯಕ್ಕೆ ಅದರ ಮಾರ್ಗಿಟ್ ಎಂಬ ದೊಡ್ಡ ಶತ್ರುವಿನ (ಬಾಸ್) ಕೈಯಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಸತ್ತಿದ್ದೇನೆ.

---

ಹತ್ತೂಮುಕ್ಕಾಲರ ಆಟಗಾರ

ಮೇಡಂ, ಈ ಉಪಾಯ ನನಗೆ ಗೊತ್ತೇ ಇರಲಿಲ್ಲ. ಬಹಳ ಉಪಕಾರವಾಯಿತು. ನನ್ನ ದೂರನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ.

---

ಗಾಂಧಿಬಜಾರ್ ಸಂಜೆ

ಮೇಡಂ, ಮಾರ್ಗಿಟ್‌ನನ್ನು ಈಗಲೇ ಎದುರಿಸಬೇಡಿ. ದಕ್ಷಿಣಕ್ಕೆ ಸೇತುವೆ ದಾಟಿ ವೀಪಿಂಗ್ ಪೆನಿನ್ಸುಲಾಗೆ ಹೋಗಿ, ಅಲ್ಲಿ ಸುತ್ತಾಡಿ ಬಲ ಹೆಚ್ಚಿಸಿಕೊಂಡು ಬನ್ನಿ. ಅವನ ಮಂಜಿನ ಬಾಗಿಲ ಹೊರಗೆ ನೆಲದಲ್ಲಿ ಹೊಳೆಯುವ ಬರಹವೊಂದಿರುತ್ತದೆ. ಅದನ್ನು ಮುಟ್ಟಿದರೆ ರೋಜಿಯರ್ ಎಂಬ ಮಾಂತ್ರಿಕ ನಿಮ್ಮ ಜೊತೆಗೆ ಬರುತ್ತಾನೆ.

---

ಅಮ್ಮನೂ ಆಡುತ್ತಾಳೆ

ರೋಜಿಯರ್‌ನನ್ನು ಕರೆಯುವುದಿಲ್ಲ. ಒಬ್ಬಳೇ ಗೆಲ್ಲಬೇಕೆಂದಿದೆ. ದಕ್ಷಿಣಕ್ಕೆ ಹೋಗುವ ಸಲಹೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

---

ಕೆಂಗೇರಿ ಸ್ಕ್ವಾಡ್

ಇಲ್ಲಿ ಎಲ್ಲರೂ ಪಿಸಿ, ಕನ್ಸೋಲ್ ಎಂದು ಮಾತನಾಡುತ್ತಿದ್ದೀರಿ. ನನಗೆ ಹತ್ತೊಂಬತ್ತು ವರ್ಷ. ನನ್ನ ತರಗತಿಯಲ್ಲಿ ಆಡುವವರೆಲ್ಲ ಮೊಬೈಲ್‌ನಲ್ಲೇ ಆಡುವುದು, ಏಕೆಂದರೆ ಎಲ್ಲರ ಮನೆಯಲ್ಲೂ ಇರುವುದು ಅದೊಂದೇ. ಕೊನೆಯವರೆಗೆ ಬದುಕುಳಿದವರು ಗೆಲ್ಲುವ ಗುಂಡಿನ ಕಾಳಗದ ಆಟ ಬಿಜಿಎಂಐ; ಅದರ ಒಂದು ಪಂದ್ಯಕ್ಕೆ ಅರ್ಧ ಗಂಟೆ, ನೂರು ಜನ, ಎರಾಂಗೆಲ್ ನಕ್ಷೆ ಎಂಟು ಕಿಲೋಮೀಟರ್‌ಗೆ ಎಂಟು ಕಿಲೋಮೀಟರ್. ಮುಗಿದರೆ ಮುಗಿಯಿತು, ಮನೆಗೆಲಸದಂತೆ ಬಾಕಿ ಉಳಿಯುವುದಿಲ್ಲ. ನೀವು ಕೇಳುವ ಗುಣವೆಲ್ಲ ಅದರಲ್ಲಿದೆ. ಆದರೂ ಹಿರಿಯರು ಮೊಬೈಲ್ ಆಟವನ್ನು ಆಟವೆಂದೇ ಎಣಿಸುವುದಿಲ್ಲ, ಇದು ನನಗೆ ನಿಜಕ್ಕೂ ಬೇಸರ ತರುತ್ತದೆ.

---

ಹಳೇ ಕ್ಯಾಸೆಟ್

ತಮ್ಮಾ, ಆಟವೆಂದು ಎಣಿಸುತ್ತೇನೆ. ಆದರೆ ‘ಮುಗಿದರೆ ಮುಗಿಯಿತು’ ಎಂಬ ಮಾತನ್ನು ಒಪ್ಪುವುದು ಕಷ್ಟ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು; 2021ರ ಜುಲೈನಲ್ಲಿ ಬಿಜಿಎಂಐ ಆಗಿ ಬಂತು; 2022ರ ಜುಲೈನಲ್ಲಿ ಮತ್ತೆ ಕಾಣೆಯಾಯಿತು; 2023ರ ಮೇ ತಿಂಗಳಲ್ಲಿ ಮರಳಿ ಬಂದಾಗ ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿ ಹಾಕಿಕೊಂಡೇ ಬಂತು. ಅರ್ಧ ಗಂಟೆಗೆ ಮುಗಿಯುವ ಆಟಕ್ಕೆ ಆರು ಗಂಟೆಯ ಮಿತಿ ಏಕೆ ಬೇಕಾಯಿತು ಎಂಬುದನ್ನು ನೀನೂ ಯೋಚಿಸಿ ನೋಡು. ದಿನದ ಬಹುಮಾನ, ವಾರದ ಗುರಿ, ಸೀಸನ್ ಮುಗಿಯುವುದರೊಳಗೆ ಏರಬೇಕಾದ ಶ್ರೇಣಿ ಇವೆಲ್ಲ ವಲ್ಹಾಲಾದ ಚುಕ್ಕೆಗಳೇ. ಬಣ್ಣ ಮಾತ್ರ ಬೇರೆ.

---

ಕೆಂಗೇರಿ ಸ್ಕ್ವಾಡ್

ಶ್ರೇಣಿಯ ವಿಷಯ ಒಪ್ಪಿದೆ ಅಂಕಲ್. ಕಳೆದ ಸೀಸನ್ ಮುಗಿಯುವ ರಾತ್ರಿ ಎರಡೂವರೆವರೆಗೆ ಆಡಿ ಮರುದಿನ ಆಂತರಿಕ ಪರೀಕ್ಷೆ ಬರೆದೆ, ಅಂಕ ಬರಲಿಲ್ಲ. ಆದರೆ ಬೇರೆ ಬೇರೆ ಕಾಲೇಜು ಸೇರಿದ ನಾವು ನಾಲ್ಕು ಜನ ಗೆಳೆಯರು ಇಂದಿಗೂ ದಿನಾ ರಾತ್ರಿ ಮಾತನಾಡುವುದು ಆ ಆಟದೊಳಗೇ. ಅದರ ಬೆಲೆಯನ್ನು ಗಂಟೆಗಳಲ್ಲಿ ಹೇಗೆ ಅಳೆಯಲಿ?

---

ಪಾಲಿಗಾನ್ ಕುಂಚ (ಇಂದಿರಾನಗರ)

ನಾನು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಹನ್ನೊಂದು ವರ್ಷ ತ್ರೀಡಿ ಕಲಾವಿದನಾಗಿ ಕೆಲಸ ಮಾಡಿದವನು. ದೊಡ್ಡ ಆಟಗಳ ಮೇಲಿನ ಈ ಸಿಟ್ಟನ್ನು ಇನ್ನೊಂದು ಕಡೆಯಿಂದಲೂ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಒಂದು ಮರದ ಪೀಪಾಯಿಯನ್ನು ತೆಗೆದುಕೊಳ್ಳಿ. ಮೊದಲು ಲಕ್ಷಗಟ್ಟಲೆ ತ್ರಿಕೋನಗಳಲ್ಲಿ ಅದನ್ನು ಕೆತ್ತುತ್ತೇವೆ. ಹಲಗೆಯ ಎಳೆ, ಕಬ್ಬಿಣದ ಪಟ್ಟಿಯ ಮೇಲಿನ ಸುತ್ತಿಗೆ ಗುರುತು, ಎಲ್ಲವೂ ಬೇಕು. ಅಷ್ಟು ಭಾರದ ಪೀಪಾಯಿಯನ್ನು ಆಟ ಹೊರಲಾರದು. ಆದ್ದರಿಂದ ಕೆಲವೇ ಸಾವಿರ ತ್ರಿಕೋನಗಳ ಎರಡನೆಯ ಪೀಪಾಯಿ ಮಾಡಿ, ಮೊದಲನೆಯದರ ಉಬ್ಬುತಗ್ಗುಗಳನ್ನು ಚಿತ್ರವಾಗಿಸಿ ಇದರ ಮೇಲೆ ಅಂಟಿಸುತ್ತೇವೆ. ಇದಕ್ಕೆ ನಾವು ‘ಬೇಕ್’ ಮಾಡುವುದು ಎನ್ನುತ್ತೇವೆ. ಬೆಳಕು ಬಿದ್ದಾಗ ಚಪ್ಪಟೆ ಮೈಯಲ್ಲೇ ಹಲಗೆಯ ಸಂದು ಕಾಣುವುದು ಈ ಚಿತ್ರದಿಂದ. ಆಮೇಲೆ ಬಣ್ಣ, ತುಕ್ಕು, ತೇವದ ಹೊಳಪು. ಕೊನೆಗೆ ದೂರದಿಂದ ನೋಡಿದಾಗ ಬಳಸಲು ಇನ್ನೂ ಹಗುರವಾದ ಎರಡು ಮೂರು ರೂಪಗಳು. ನನ್ನ ಒಂದು ಪೀಪಾಯಿಯನ್ನು ಹೊರದೇಶದ ಕಲಾ ನಿರ್ದೇಶಕರು ನಾಲ್ಕು ಸಲ ಹಿಂದಕ್ಕೆ ಕಳಿಸಿದರು. ಐದನೆಯ ಸಲ ಒಪ್ಪಿದರು. ಪಟ್ಟಿಯ ಮೊಳೆಯ ಸುತ್ತ ತುಕ್ಕು ಕೆಳಮುಖವಾಗಿ ಹರಿದಿರಬೇಕು, ನೀನು ಎಲ್ಲ ದಿಕ್ಕಿಗೂ ಹರಿಸಿದ್ದೀಯೆ ಎಂಬುದು ಅವರ ತಕರಾರಾಗಿತ್ತು. ಅವರು ಹೇಳಿದ್ದು ಸರಿಯಾಗಿತ್ತು.

ಈ ಊರಿಗೆ ಆ ಕೆಲಸ ಹೊಸದಲ್ಲ. ರಾಜೇಶ್ ರಾವ್ ಅವರು ಧ್ರುವ ಇಂಟರ್ಯಾಕ್ಟಿವ್ ಎಂಬ ಆಟದ ಸ್ಟುಡಿಯೋ ಆರಂಭಿಸಿದ್ದು 1997ರಲ್ಲಿ, ಇಲ್ಲಿಯೇ. 2019ರಲ್ಲಿ ಅದನ್ನು ರೆಡ್ ಡೆಡ್ ಮಾಡಿದ ರಾಕ್‌ಸ್ಟಾರ್ ಸಂಸ್ಥೆ ಕೊಂಡಿತು. ಅದಕ್ಕೂ ಮೊದಲೇ ರಾಕ್‌ಸ್ಟಾರ್‌ನ ಬೆಂಗಳೂರು ಕಚೇರಿ 2018ರ ರೆಡ್ ಡೆಡ್ 2ರಲ್ಲಿ ಕೆಲಸ ಮಾಡಿತ್ತು. ಆಟ ಮುಗಿದ ಮೇಲೆ ಹೆಸರುಗಳು ಸಾಗುವಾಗ ನಿಂತು ನೋಡಿದರೆ ಎಷ್ಟು ಭಾರತೀಯ ಹೆಸರುಗಳಿವೆ ಎಂಬುದು ಗೊತ್ತಾಗುತ್ತದೆ.

ಕಪಾಟಿನ ಖಾನೆ ನಿಧಾನ ಎಂದಿರಿ ಸರ್. ನಿಧಾನವೇ ಆ ಆಟದ ಉದ್ದೇಶ. ಕುದುರೆಗೆ ಕೆಸರು ಅಂಟುತ್ತದೆ, ನಿಂತು ಉಜ್ಜಬೇಕು. ಬಂದೂಕು ಕೊಳೆಯಾದರೆ ಒರೆಸಬೇಕು. ಗಡ್ಡ ಬೆಳೆಯುತ್ತದೆ. ಕಥಾನಾಯಕ ಆರ್ಥರ್ ಮಾರ್ಗನ್‌ಗೆ ಮುಂದೆ ಏನಾಗುತ್ತದೆಂದು ಇಲ್ಲಿ ಹೇಳುವುದಿಲ್ಲ. ಆದರೆ ಅದು ಆದಾಗ ಅವನ ಜೊತೆ ಅಷ್ಟು ದಿನ ನಿಧಾನವಾಗಿ ನಡೆದಿರುವುದರಿಂದಲೇ ನಿಮ್ಮ ಗಂಟಲು ಕಟ್ಟುತ್ತದೆ. ಸಮಯ ಹೆಚ್ಚು ತೆಗೆದುಕೊಳ್ಳುವುದೂ ಸಮಯವನ್ನು ಹಾಳುಮಾಡುವುದೂ ಒಂದೇ ಅಲ್ಲ.

---

ಡಸ್ಟ್ ಟು ಕಾವಲುಗಾರ

ನಾನು ಹೇಳಬೇಕೆಂದಿದ್ದುದನ್ನೇ ಇವರು ಹೇಳಿದರು.

---

ಗಾಂಧಿಬಜಾರ್ ಸಂಜೆ

ಪಾಲಿಗಾನ್ ಕುಂಚ ಅವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಪೀಪಾಯಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದರ ಮುಂದೆ ನಿಲ್ಲಿಸಿ ನನ್ನ ರಾತ್ರಿಯನ್ನು ಕಳೆಯಬಹುದೆಂದು ಅರ್ಥವಲ್ಲ. 2017ರ ಬ್ರೆತ್ ಆಫ್ ದಿ ವೈಲ್ಡ್‌ನ ಲೋಕವೂ ದೊಡ್ಡದೇ. ಅಲ್ಲಿ ಗೋಪುರ ಏರಿದರೆ ಭೂಮಿಯ ರೂಪ ಮಾತ್ರ ನಕ್ಷೆಯಲ್ಲಿ ಮೂಡುತ್ತದೆ, ಏನೆಲ್ಲಿದೆ ಎಂದು ಹೇಳುವುದಿಲ್ಲ. ಕಣ್ಣಿಗೆ ಕಂಡದ್ದರ ಮೇಲೆ ನಾನೇ ಗುರುತು ಹಾಕಿಕೊಳ್ಳಬೇಕು. ಮುಕ್ಕಾಲು ಗಂಟೆಯಲ್ಲಿ ಒಂದು ಗುಡ್ಡ ಹತ್ತಿ ಇಳಿದರೂ ನಾನು ಆರಿಸಿಕೊಂಡ ಗುಡ್ಡವನ್ನು ಹತ್ತಿದೆ ಎಂಬ ತೃಪ್ತಿ ಇರುತ್ತದೆ. ಹಳೇ ಕ್ಯಾಸೆಟ್ ಸರ್ ಕೇಳಿದ ‘ಪಳಗುವುದು ಏನು’ ಎಂಬುದಕ್ಕೆ ನನ್ನ ಉತ್ತರ ಇದು: ಅಲ್ಲಿ ಕಣ್ಣು ಪಳಗುತ್ತದೆ.

---

ಹಾಸನದವಳು (ವಿಜಯನಗರ)

ಉದ್ದದ ಮಾತು ಬಂದದ್ದರಿಂದ, ಎಂಟು ಗಂಟೆಯಲ್ಲಿ ಮುಗಿಯುವ ಒಂದು ಆಟದ ಬಗ್ಗೆ ಹೇಳುತ್ತೇನೆ. 2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ. ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹುಡುಕಾಟ ಹೊಯ್ಸಳರ ಗಣೇಶನ ದಂತಕ್ಕಾಗಿ, ಬೇಲೂರು ಹಳೇಬೀಡುಗಳ ಹೆಸರು ಕಥೆಯುದ್ದಕ್ಕೂ ಬರುತ್ತದೆ. ಮೊದಲ ಸಲ ಕಥಾನಾಯಕಿ ಕ್ಲೋಯಿ ಬಾಯಲ್ಲಿ ‘ಹೊಯ್ಸಳ’ ಎಂಬ ಪದ ಕೇಳಿದಾಗ ಕಂಟ್ರೋಲರ್ ಕೆಳಗಿಟ್ಟು ಪಕ್ಕದ ಕೋಣೆಯಿಂದ ಅಪ್ಪನನ್ನು ಕರೆತಂದೆ.

ಅಪ್ಪ ಹತ್ತು ನಿಮಿಷ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇದರಲ್ಲಿ ಹಳೇಬೀಡು ಎಲ್ಲಮ್ಮ?’ ಆಟದಲ್ಲಿರುವುದು ಬಂಡೆಗಳಲ್ಲಿ ಕಡೆದ ಬೃಹತ್ ಮೂರ್ತಿಗಳು, ಜಲಪಾತಗಳು, ಪಾತಾಳಕ್ಕಿಳಿಯುವ ಯಂತ್ರಗಳು. ನಮ್ಮ ಹಳೇಬೀಡು ಬಯಲಿನಲ್ಲಿದೆ. ಹೊಯ್ಸಳೇಶ್ವರ ದೇವಾಲಯದ ದೊಡ್ಡತನ ಎತ್ತರದಲ್ಲಿಲ್ಲ, ನಕ್ಷತ್ರಾಕಾರದ ಜಗತಿಯ ಮೇಲೆ ಆನೆಗಳ ಸಾಲಿನಿಂದ ಶುರುವಾಗಿ ಪಟ್ಟಿಯ ಮೇಲೆ ಪಟ್ಟಿಯಾಗಿ ಬಳಪದ ಕಲ್ಲಿನಲ್ಲಿ ಕೊರೆದ ಸೂಕ್ಷ್ಮದಲ್ಲಿದೆ. ಅದು ಶಿವಾಲಯ; ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನದು ಚೆನ್ನಕೇಶವ. ಗಣೇಶನಿಗೆ ಅಲ್ಲಿ ಕೊಟ್ಟ ಸ್ಥಾನ ಆಟದವರ ಕಲ್ಪನೆ. ಹಳೇಬೀಡಿನ ದಕ್ಷಿಣ ಬಾಗಿಲ ಬಳಿ ನಾಟ್ಯಗಣಪತಿ ಇದ್ದಾನೆ, ಅವನ ಸೊಗಸೇ ಬೇರೆ.

ಆದರೂ ನನಗೆ ಸಿಟ್ಟು ಬರಲಿಲ್ಲ, ಆಸೆ ಹುಟ್ಟಿತು. ಪರಶುರಾಮನ ಕೊಡಲಿಯಿಂದ ಗಣೇಶನ ದಂತ ಮುರಿದ ಕಥೆಯನ್ನು ಅದು ಮರ್ಯಾದೆಯಿಂದ ಹೇಳುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಹೊರಗಿನವರು ಆಟ ಮಾಡಿ ಆರು ವರ್ಷವಾದ ಮೇಲೆ. ಪೀಪಾಯಿಯ ತುಕ್ಕು ಯಾವ ದಿಕ್ಕಿಗೆ ಹರಿಯಬೇಕೆಂದು ತಿಳಿದ ಕಲಾವಿದರು ಇದೇ ಊರಿನಲ್ಲಿದ್ದಾರೆ. ಆ ಆನೆಗಳ ಸಾಲನ್ನು ಸರಿಯಾಗಿ ಕಡೆಯಬಲ್ಲವರು ಇವರೇ ಅಲ್ಲವೇ?

---

ಪಾಲಿಗಾನ್ ಕುಂಚ

ಕಡೆಯಬಲ್ಲೆವು ಮೇಡಂ. ಕೈಯಲ್ಲಿ ಕಸುಬು ಇದೆ, ಆಟವನ್ನು ಮೊದಲಿನಿಂದ ಕೊನೆಯವರೆಗೆ ವಿನ್ಯಾಸ ಮಾಡಿ, ಹಣ ಹೂಡಿ, ಮೂರು ನಾಲ್ಕು ವರ್ಷ ಕಾಯುವವರು ಕಡಿಮೆ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ ಎಂಬ ಹೆಸರಿನ ಆಟವನ್ನು ತಂದಿತು. ಕಥಾದೃಶ್ಯಗಳನ್ನು ತೊಗಲುಗೊಂಬೆಯ ಹಾಗೆ ತೋರಿಸಿದ ರೀತಿ ಅದ್ಭುತವಾಗಿತ್ತು. ನೇರವಾಗಿ ಹೇಳಬೇಕಾದರೆ ಕಾದಾಟ ಸ್ವಲ್ಪ ಒರಟು, ಕೊನೆ ಥಟ್ಟನೆ ಬಂದುಬಿಡುತ್ತದೆ. ಆದರೆ ಚಿಕ್ಕ ತಂಡವೊಂದು ಅಷ್ಟು ಮಾಡಿದ್ದನ್ನು ನೋಡಿ ನಾನು ಬಹಳ ಸಂತೋಷಪಟ್ಟೆ.

---

ಅಮ್ಮನೂ ಆಡುತ್ತಾಳೆ

ನಮ್ಮವರ ಕಥೆ ಎಂದರೆ ಗುಡಿ, ದೇವರು, ಯುದ್ಧವೇ ಆಗಬೇಕಿಲ್ಲ. 2023ರ ವೆಣ್ಬಾ ಆಡಿ ನೋಡಿ. ಟೊರಾಂಟೊದ ಚಿಕ್ಕ ತಂಡ ಮಾಡಿದ್ದು, ಕೆನಡಾಕ್ಕೆ ಹೋದ ತಮಿಳು ದಂಪತಿಯ ಕಥೆ. ಅಮ್ಮ ಕೊಟ್ಟ ಅಡುಗೆ ಪುಸ್ತಕದ ಅಕ್ಷರ ಮಾಸಿದೆ. ಏನು ಮೊದಲು ಏನು ಆಮೇಲೆ ಎಂದು ಊಹಿಸಿ ಅಡುಗೆ ಮಾಡಬೇಕು. ಮೊದಲ ಸಮಸ್ಯೆಯೇ ಇಡ್ಲಿ. ಒಂದು ತಟ್ಟೆಯ ಗುಳಿಯ ಮೇಲೆ ಇನ್ನೊಂದರ ಗುಳಿ ನೇರವಾಗಿ ಕೂರದಂತೆ ತಿರುಗಿಸಿ ಜೋಡಿಸಬೇಕು, ಆಗಲೇ ಉಗಿ ಎಲ್ಲಕ್ಕೂ ತಾಗುತ್ತದೆ. ನಾನು ಕೈ ತಂತಾನೇ ತಿರುಗಿಸಿ ಇಟ್ಟೆ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಮಗ, ದೊಡ್ಡ ದೊಡ್ಡ ಬಾಸ್‌ಗಳನ್ನು ಕೊಂದವನು, ‘ಅದು ಹೇಗೆ ಗೊತ್ತಾಯಿತು’ ಎಂದು ಕೇಳಿದ. ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದನ್ನು ಅವನು ಅಂದು ಮೊದಲ ಸಲ ಗಮನಿಸಿದ. ಒಂದೂವರೆ ಗಂಟೆಯಲ್ಲಿ ಆಟ ಮುಗಿಯಿತು. ಆಮೇಲೆ ನನ್ನ ಅಮ್ಮನಿಗೆ ಫೋನ್ ಮಾಡಿದೆ.

---

ಕೆಂಗೇರಿ ಸ್ಕ್ವಾಡ್

ಒಂದೂವರೆ ಗಂಟೆಗೆ ಅಷ್ಟು ದುಡ್ಡು ಕೊಡುವುದು ನಮ್ಮಂಥ ವಿದ್ಯಾರ್ಥಿಗಳಿಗೆ ಆಗುವ ಮಾತಲ್ಲ ಆಂಟಿ. ಗಂಟೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ನಾವು ಲೆಕ್ಕ ಹಾಕಲೇಬೇಕು. ಉದ್ದದ ಆಟಗಳು ಮಾರಾಟವಾಗುವುದಕ್ಕೆ ಕಾರಣವೂ ಅದೇ. ವರ್ಷಕ್ಕೆ ಒಂದೇ ಆಟ ಕೊಳ್ಳಬಲ್ಲವನಿಗೆ ಅರವತ್ತು ಗಂಟೆ ದೋಷವಲ್ಲ.

---

ಹತ್ತೂಮುಕ್ಕಾಲರ ಆಟಗಾರ

ಈ ಮಾತು ನನಗೆ ತಟ್ಟಿತು. ಕಾಲೇಜಿನಲ್ಲಿದ್ದಾಗ ನಾನೂ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕೊಂಡ ವೈಸ್ ಸಿಟಿ ಸಿಡಿಯೊಂದನ್ನೇ ಎರಡು ವರ್ಷ ಆಡಿದವನು. ಆಗ ನನ್ನಲ್ಲಿ ಸಮಯವಿತ್ತು, ಹಣವಿರಲಿಲ್ಲ. ಈಗ ತಿರುಗುಮುರುಗಾಗಿದೆ. ನಾನು ಆಟದ ಗುಣವೆಂದು ಹೇಳುತ್ತಿರುವುದರಲ್ಲಿ ನನ್ನ ವಯಸ್ಸಿನ ಪಾಲು ಎಷ್ಟೆಂದು ಯೋಚಿಸಬೇಕಾಗಿದೆ.

---

ಕವರ್ ಡ್ರೈವ್ (ಜಯನಗರ)

ಹಣದ ಮಾತು ಬಂದದ್ದರಿಂದ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಮಗ ಫುಟ್‌ಬಾಲ್ ಆಟವೊಂದರಲ್ಲಿ ಆಟಗಾರರ ಕಾರ್ಡ್ ಪ್ಯಾಕ್‌ಗಳನ್ನು ನನ್ನ ಫೋನಿನಿಂದ ಕೊಂಡು, ಎರಡು ವಾರದಲ್ಲಿ 6,400 ರೂಪಾಯಿ ಕಳೆದಿದ್ದ. ಪ್ಯಾಕ್ ಒಡೆಯುವವರೆಗೆ ಒಳಗೆ ಯಾರಿದ್ದಾರೆಂದು ತಿಳಿಯದು. ಬೈದ ಮೇಲೆ ಅವನು ಅಳುತ್ತಾ ಹೇಳಿದ್ದು ‘ಮುಂದಿನದರಲ್ಲಿ ಬರುತ್ತಿತ್ತು ಅಪ್ಪಾ’ ಎಂದು. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ಕೊಳ್ಳುವ ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಎಂದು ಪರಿಗಣಿಸಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳ ಮೇಲೆ ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು. ಮಕ್ಕಳ ಕೈಗೆ ಸಿಗುವ ಈ ಪ್ಯಾಕ್‌ಗಳ ಬಗ್ಗೆಯೂ ಅಷ್ಟೇ ಗಂಭೀರವಾಗಿ ಯೋಚಿಸಬೇಕು. ಸಮಯ ತಿನ್ನುವ ಆಟವನ್ನು ಕ್ಷಮಿಸಬಲ್ಲೆ, ಇದನ್ನು ಕ್ಷಮಿಸಲಾರೆ.

ಈಗ ನಾವಿಬ್ಬರೂ ಹಳೆಯ ಲ್ಯಾಪ್‌ಟಾಪ್‌ನಲ್ಲಿ 2006ರಲ್ಲಿ ಬಂದ ಇಎ ಕ್ರಿಕೆಟ್ 07 ಆಡುತ್ತೇವೆ. ಸಂಸ್ಥೆ ಅದರ ನಂತರ ಕ್ರಿಕೆಟ್ ಆಟವನ್ನೇ ಮಾಡಲಿಲ್ಲ. ಅಭಿಮಾನಿಗಳು ಮಾತ್ರ ಹೊಸ ತಂಡ, ಹೊಸ ಅಂಗಿ, ಹೊಸ ಮೈದಾನಗಳ ಪ್ಯಾಚ್ ಮಾಡುತ್ತಾ ಅದನ್ನು ಜೀವಂತವಾಗಿಟ್ಟಿದ್ದಾರೆ. ಐದು ಓವರ್‌ಗಳ ಪಂದ್ಯ, ಅರ್ಧ ಗಂಟೆ. ಹೊಸ ಕ್ರಿಕೆಟ್ ಆಟಗಳಲ್ಲಿ ಮುಖಗಳು ಚೆನ್ನಾಗಿವೆ, ಬ್ಯಾಟಿಗೆ ಚೆಂಡು ತಾಗಿದ ಆ ಅನುಭವ ಮಾತ್ರ ನನಗೆ ಇನ್ನೂ 07ರಲ್ಲೇ ಇದೆ.

---

ಹಳೇ ಕ್ಯಾಸೆಟ್

ಕವರ್ ಡ್ರೈವ್ ಅವರೇ, ಫೋನಿನ ಅಂಗಡಿಯಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟುಬಿಡಿ. ನಾನು ಮೊಮ್ಮಗನಂತಿರುವ ಅಕ್ಕನ ಮೊಮ್ಮಗುವಿಗಾಗಿ ಹಾಗೆ ಮಾಡಿದ್ದೇನೆ. ಅವನು ಆಡುವುದು ಮೈನ್‌ಕ್ರಾಫ್ಟ್. ಅದರ ಜಾವಾ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆರೆದರೆ ಕನ್ನಡವೂ ಇದೆ. ಸ್ವಯಂಸೇವಕರು ಅನುವಾದ ಮಾಡಿದ್ದು. ಕನ್ನಡ ಓದಲು ಬೇಸರಪಡುತ್ತಿದ್ದ ಹುಡುಗ ಈಗ ವಸ್ತುಗಳ ಹೆಸರನ್ನು ಗಟ್ಟಿಯಾಗಿ ಓದುತ್ತಾ ಆಡುತ್ತಾನೆ.

---

ಹತ್ತೂಮುಕ್ಕಾಲರ ಆಟಗಾರ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಪಾಲಿಗಾನ್ ಕುಂಚ ಅವರ ಮಾತಿನ ಮೇಲೆ ರೆಡ್ ಡೆಡ್ 2 ಮತ್ತೆ ತೆರೆದೆ. ಈ ಸಲ ಕಪಾಟುಗಳನ್ನು ಹುಡುಕುವುದನ್ನೇ ಬಿಟ್ಟೆ. ರಾತ್ರಿಗೆ ಒಂದೇ ಕೆಲಸ ಎಂದು ಇಟ್ಟುಕೊಂಡೆ. ಗುರುವಾರ ಒಂದು ಜಿಂಕೆ ಬೇಟೆಯಾಡಿ, ಕುದುರೆಯ ಬೆನ್ನಿಗೆ ಹಾಕಿ, ಮಳೆಯಲ್ಲಿ ಶಿಬಿರಕ್ಕೆ ಬಂದು ಅಡುಗೆಯವನಿಗೆ ಕೊಟ್ಟೆ. ಅಷ್ಟಕ್ಕೇ ಹನ್ನೆರಡಾಯಿತು. ಬೆಂಕಿಯ ಸುತ್ತ ಕುಳಿತವರು ಹಾಡುತ್ತಿದ್ದರು. ಮಲಗಲು ಏಳಬೇಕಾದವನು ಹಾಡು ಮುಗಿಯುವವರೆಗೆ ಕೂತೆ. ಶಿಬಿರದ ಗಾಡಿಯ ಪಕ್ಕದ ಪೀಪಾಯಿಯ ಹತ್ತಿರ ಹೋಗಿ ಮೊಳೆಗಳನ್ನೂ ನೋಡಿದೆ.

ರೆಡ್ ಡೆಡ್ ಬಗ್ಗೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ವಲ್ಹಾಲಾ ಬಗ್ಗೆ ಬರೆದದ್ದು ಹಾಗೆಯೇ ಇರಲಿ. ಸ್ಕೆಲಿಗೆಯ ಪೆಟ್ಟಿಗೆಗಳ ಬಗ್ಗೆ ಬರೆದದ್ದೂ.

---

ಪಾಲಿಗಾನ್ ಕುಂಚ

ಇನ್ನು ಆರನೆಯ ಅಧ್ಯಾಯ ಮುಗಿಸಿ ಬನ್ನಿ ಸರ್, ಆಮೇಲೆ ಮಾತನಾಡೋಣ.

---

ಅಮ್ಮನೂ ಆಡುತ್ತಾಳೆ

ನಿನ್ನೆ ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ ಮಾರ್ಗಿಟ್ ಬಿದ್ದ. ನಲವತ್ತೇಳನೆಯ ಪ್ರಯತ್ನ, ರೋಜಿಯರ್ ಇಲ್ಲದೆ. ಮನೆಯವರೆಲ್ಲ ಮಲಗಿದ್ದರಿಂದ ಕೂಗಲಾಗಲಿಲ್ಲ, ಅದಕ್ಕೇ ಬೆಳಿಗ್ಗೆ ಮೊದಲು ಇಲ್ಲಿ ಬರೆಯುತ್ತಿದ್ದೇನೆ.